14 ಸಾವಿರ ಓಡಿದ ಪೋರ್ಷೆ, ತೊಗರಿ ಗೋಡೌನಿನಲ್ಲಿ

ಪ್ರಶ್ನೆ: ನಮ್ಮದು ಕಲಬುರಗಿ. ದಾಲ್ ಮಿಲ್ ಇದೆ. ಹೈದರಾಬಾದಿನಲ್ಲಿರುವ ಸೋದರಮಾವ ತಮ್ಮ 2007ರ ಪೋರ್ಷೆ 911 ಕ್ಯಾರೆರಾ ಕಾರನ್ನು ನನಗೆ ಕೊಟ್ಟಿದ್ದಾರೆ. ಬರೀ 14,000 ಕಿ.ಮೀ. ಓಡಿದೆ. ಮೂರು ವರ್ಷದಿಂದ ರೋಡಿಗೆ ಬಂದಿಲ್ಲ. ಅವರ ಡ್ರೈವರ್ ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಂದ್ ಮಾಡುತ್ತಿದ್ದ. ಆರು ತಿಂಗಳಿಂದ ಅದೂ ಇಲ್ಲ. ಈಗ ಟ್ರಕ್ ಮೇಲೆ ತಂದು ಮಿಲ್ಲಿನ ಗೋಡೌನಿನಲ್ಲಿ ಮುಚ್ಚಿ ಇಟ್ಟಿದ್ದೇವೆ. ಟೈರ್ ಹೊಸದರಂತೆ ಇವೆ. ಇಷ್ಟು ಕಡಿಮೆ ಓಡಿದ ಗಾಡಿಗೆ ಸರ್ವಿಸ್ ಬೇಕಾ? ನಮ್ಮೂರಿನ ಬಿಸಿಲಲ್ಲಿ ಇದನ್ನು ಇಟ್ಟುಕೊಳ್ಳೋದು ಆಗುತ್ತದಾ, ಇಲ್ಲಾ ಮಾರಿಬಿಡಲಾ?

ಉತ್ತರ: ಮೊದಲು ಕಾರನ್ನು ಗೋಡೌನಿನಿಂದ ಹೊರಗೆ ತಳ್ಳಿಸಿ. ಸ್ಟಾರ್ಟ್ ಮಾಡಬೇಡಿ. ನಾಲ್ಕು ಹಮಾಲರನ್ನು ಕರೆದು ತಳ್ಳಿಸಿ. ಸರ್ವಿಸ್, ಬಿಸಿಲು, ಮಾರಾಟ ಎಲ್ಲ ಆಮೇಲೆ ಮಾತಾಡೋಣ.

ದಾಲ್ ಮಿಲ್ ಅಂದ ಮೇಲೆ ತೊಗರಿಗೆ ಹುಳ ಬೀಳದಂತೆ ಗುಳಿಗೆ ಇಟ್ಟು ಮುಚ್ಚುತ್ತೀರಿ, ಅಲ್ವಾ? ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಅದರಿಂದ ಫಾಸ್ಫೀನ್ ಅನ್ನೋ ವಿಷದ ಅನಿಲ ಹೊರಡುತ್ತದೆ. ಹುಳ ಸಾಯುವುದು ಅದರಿಂದಲೇ. ಮನುಷ್ಯರಿಗೂ ಪ್ರಾಣಾಪಾಯ, ಅದು ನಿಮಗೆ ಗೊತ್ತೇ ಇದೆ. ಆದರೆ ಈ ಅನಿಲ ತಾಮ್ರವನ್ನೂ ತಿನ್ನುತ್ತದೆ ಅನ್ನೋದು ಭಾಳ ಜನರಿಗೆ ಗೊತ್ತಿಲ್ಲ. ತಾಮ್ರ, ಹಿತ್ತಾಳೆ, ಬೆಳ್ಳಿ ಯಾವುದನ್ನೂ ಬಿಡುವುದಿಲ್ಲ. ನಿಮ್ಮ ಕಾರಿನಲ್ಲಿ ಎಂಜಿನ್‌ಗೆ ಒಂದು, ಬ್ರೇಕಿಗೆ ಒಂದು, ಏರ್‌ಬ್ಯಾಗಿಗೆ ಒಂದು ಅಂತ ಕಂಪ್ಯೂಟರ್‌ಗಳಿವೆ. ಅವುಗಳ ನಡುವೆ ನೂರಾರು ತಾಮ್ರದ ಪಿನ್‌ಗಳಿವೆ. ನಾಲ್ಕು ಸಲ ಗುಳಿಗೆ ಇಟ್ಟ ಗೋಡೌನಿನಲ್ಲಿ ನಿಂತರೆ ಆ ಪಿನ್‌ಗಳ ಮೇಲೆ ಕಪ್ಪು ಪದರ ಕೂರುತ್ತದೆ. ಆಮೇಲೆ ಇವತ್ತೊಂದು ಲೈಟು, ನಾಳೆ ಇನ್ನೊಂದು ಲೈಟು ಡ್ಯಾಶ್‌ಬೋರ್ಡ್ ಮೇಲೆ ಉರಿಯುತ್ತಾ ಹೋಗುತ್ತದೆ. ಕಾರಣ ಹುಡುಕುವವನ ತಲೆ ಕೆಡುತ್ತದೆ.

ಅಷ್ಟೇ ಅಲ್ಲ. ತೊಗರಿ ಇದ್ದಲ್ಲಿ ಇಲಿ, ಹೆಗ್ಗಣ ಇದ್ದೇ ಇರುತ್ತವೆ. ಹೊಟ್ಟಿನ ಧೂಳೂ ಇರುತ್ತದೆ. 911ರ ಎಂಜಿನ್ ಹಿಂದೆ, ಕೆಳಗೆ, ಕತ್ತಲಲ್ಲಿ ಇದೆ. ಇಲಿಗೆ ಅದಕ್ಕಿಂತ ಒಳ್ಳೆಯ ಮನೆ ಬೇಕಾ? ಹೊರಗೆ ತಂದ ಮೇಲೆ ಹಿಂದಿನ ಮುಚ್ಚಳ ತೆರೆದು ಏರ್ ಫಿಲ್ಟರ್ ಪೆಟ್ಟಿಗೆಯನ್ನು ಬಿಚ್ಚಿಸಿ ನೋಡಿ. ಹುಲ್ಲು, ಬಟ್ಟೆ ಚೂರು, ತೊಗರಿ ಕಾಳು ಕಂಡರೆ ವೈರಿಂಗ್ ಪೂರ್ತಿ ನೋಡಿಸುವವರೆಗೆ ಬ್ಯಾಟರಿ ಜೋಡಿಸಬೇಡಿ.

ಈಗ ನಿಮ್ಮ ಮಾವನ ಡ್ರೈವರ್ ವಿಷಯ. ಅವನನ್ನು ಬೈಯಬೇಡಿ. ಒಳ್ಳೆಯದಕ್ಕೇ ಮಾಡಿದ್ದಾನೆ. ನಮ್ಮಲ್ಲಿ ಎಲ್ಲರೂ ಹೇಳುವ ಮಾತೇ ಅದು, "ಗಾಡಿ ಸುಮ್ನೆ ನಿಲ್ಲಿಸಬಾರದು, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಬೇಕು" ಅಂತ. ಅರ್ಧ ಮಾತು ಖರೇ. ಉಳಿದ ಅರ್ಧ ಎಂಜಿನ್ ಕೆಡಿಸುತ್ತದೆ.

ಪೆಟ್ರೋಲ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾದರೆ ಆ ಆವಿ ಹೊರಗೆ ಹೋಗುತ್ತದೆ. ಐದು ನಿಮಿಷಕ್ಕೆ ಬಂದ್ ಮಾಡಿದರೆ ಅದು ಒಳಗೇ ತಣ್ಣಗಾಗಿ ನೀರಾಗುತ್ತದೆ, ಆಯಿಲ್ ಜೊತೆ ಸೇರುತ್ತದೆ. ತಣ್ಣಗಿನ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಬೇಕು. ಆ ಜಾಸ್ತಿ ಪೆಟ್ರೋಲ್ ಸಿಲಿಂಡರ್ ಗೋಡೆಯ ಮೇಲಿನ ಆಯಿಲನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಸೈಲೆನ್ಸರ್ ಒಳಗೂ ನೀರು ನಿಲ್ಲುತ್ತದೆ. ಐದು ನಿಮಿಷದ ಐಡ್ಲಿಂಗ್, ಸೆಲ್ಫ್ ಹೊಡೆದಾಗ ಖರ್ಚಾದ ಬ್ಯಾಟರಿಯನ್ನೂ ಸರಿಯಾಗಿ ತುಂಬುವುದಿಲ್ಲ. ಎರಡೂವರೆ ವರ್ಷ ವಾರಕ್ಕೊಂದು ಸಲ ಅಂದರೆ 130 ಸಲ. ನಿಮ್ಮ ಎಂಜಿನನ್ನು 130 ಸಲ ಅರ್ಧ ನಿದ್ದೆಯಿಂದ ಎಬ್ಬಿಸಿ ಮತ್ತೆ ಮಲಗಿಸಿದ್ದಾರೆ. ಮೀಟರಿನಲ್ಲಿ ಒಂದು ಕಿಲೋಮೀಟರ್ ಕೂಡ ಏರಿಲ್ಲ.

ನಾನು ದುಬೈನ ಒಂದು ವರ್ಕ್‌ಶಾಪಿನಲ್ಲಿ ಹನ್ನೊಂದು ವರ್ಷ ಇಂಥ ಗಾಡಿಗಳ ಕೆಳಗೆ ಮಲಗಿದವನು. ಒಬ್ಬ ಮಾಲೀಕರ ಕಾರು ಬರೀ 9 ಸಾವಿರ ಓಡಿತ್ತು. ಅವರು ಪ್ರತಿ ಶುಕ್ರವಾರ ಅದನ್ನು ಮನೆಯೊಳಗೇ ಸ್ಟಾರ್ಟ್ ಮಾಡಿ, ಸದ್ದು ಕೇಳಿ, ಖುಷಿಪಟ್ಟು ಬಂದ್ ಮಾಡುತ್ತಿದ್ದರು. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಮೊಸರಿನಂಥ ಹಳದಿ ನೊರೆ. ಅದೇ ವಾರ ಅದೇ ಮಾದರಿಯ, ಲಕ್ಷಕ್ಕಿಂತ ಜಾಸ್ತಿ ಓಡಿದ ಇನ್ನೊಂದು ಕಾರು ಬಂದಿತ್ತು. ದಿನಾ ಆಫೀಸಿಗೆ ಹೋಗಿ ಬರುವ ಗಾಡಿ. ಅದರ ಎಂಜಿನ್ ಒಳಗೆ ಕನ್ನಡಿ ಇದ್ದಂತಿತ್ತು. ಅವತ್ತಿನಿಂದ ನಾನು ಮೀಟರ್ ನೋಡಿ ಮರುಳಾಗುವುದು ಬಿಟ್ಟೆ.

ಹಾಗಾಗಿ ನಿಮ್ಮ ಮುಖ್ಯ ಪ್ರಶ್ನೆಗೆ ಉತ್ತರ ಇದು. ಸರ್ವಿಸ್ ಬೇಕು. ಹೊಸ ಗಾಡಿಗಿಂತ ಜಾಸ್ತಿ ಬೇಕು. ಈ ಕಾರಿಗೆ ವಯಸ್ಸು 14 ಸಾವಿರ ಕಿಲೋಮೀಟರ್ ಅಲ್ಲ, ಹದಿನೆಂಟು ವರ್ಷ. ರಬ್ಬರ್, ಪ್ಲಾಸ್ಟಿಕ್, ಆಯಿಲ್, ಕೂಲೆಂಟ್ ಇವಕ್ಕೆಲ್ಲ ಕ್ಯಾಲೆಂಡರ್ ಮಾತ್ರ ಗೊತ್ತು.

ಮೀಟರ್ ಮಾತು ಬಂತು, ಒಂದು ಪರೀಕ್ಷೆ ಹೇಳುತ್ತೇನೆ. ಮಾವನ ಮೇಲೆ ಅನುಮಾನ ಅಂತಲ್ಲ. ಅವರಿಗಿಂತ ಮೊದಲು ಬೇರೆ ಮಾಲೀಕರು ಇದ್ದಿರಬಹುದು. ಈ ಕಾರಿನ ಎಂಜಿನ್ ಕಂಪ್ಯೂಟರ್ ತಾನು ಒಟ್ಟು ಎಷ್ಟು ಗಂಟೆ ಓಡಿದೆ ಅಂತ ಲೆಕ್ಕ ಇಟ್ಟಿರುತ್ತದೆ. ಪೋರ್ಷೆಯ ಸ್ವಂತ ಸ್ಕ್ಯಾನರ್ ಪಿವಿಸ್. ಹೊರಗಿನವರು ಬಳಸುವುದು ಡ್ಯುರಾಮೆಟ್ರಿಕ್. ಎರಡರಲ್ಲಿ ಯಾವುದಾದರೂ ಆ ಗಂಟೆ ತೋರಿಸುತ್ತದೆ. 14,000 ಕಿಲೋಮೀಟರನ್ನು ಆ ಗಂಟೆಯಿಂದ ಭಾಗಿಸಿ. ಊರೊಳಗೂ ಹೈವೇಯಲ್ಲೂ ಓಡಿದ ಕಾರಿನ ಸರಾಸರಿ ಗಂಟೆಗೆ 25ರಿಂದ 40 ಕಿ.ಮೀ. ಬಂದರೆ ಸರಿ. ಅಂದರೆ ಸುಮಾರು 350ರಿಂದ 560 ಗಂಟೆ. 1,400 ಗಂಟೆ ತೋರಿಸಿದರೆ ಸರಾಸರಿ 10 ಆಯಿತು. ಆಗ ಮೀಟರ್ ತಿರುಗಿಸಿದ್ದಾರೆ, ಇಲ್ಲವೇ ಗಾಡಿ ಟ್ರಾಫಿಕ್ಕಿನಲ್ಲೇ ಜೀವನ ಕಳೆದಿದೆ. ಡ್ರೈವರ್ ಹೊಡೆದ ಐದೈದು ನಿಮಿಷ ಎಲ್ಲ ಕೂಡಿದರೂ ಹನ್ನೊಂದು ಗಂಟೆ ಆಗುವುದಿಲ್ಲ, ಅದರಿಂದ ಲೆಕ್ಕ ತಪ್ಪುವುದಿಲ್ಲ. ಅದೇ ಸ್ಕ್ಯಾನರ್‌ನಲ್ಲಿ ಎಂಜಿನನ್ನು ಮಿತಿ ಮೀರಿ ತಿರುಗಿಸಿದ ದಾಖಲೆಯೂ ಇರುತ್ತದೆ. ಒಂದರಿಂದ ಆರರವರೆಗೆ ಹಂತಗಳು. ಮೇಲಿನ ಹಂತಗಳಲ್ಲಿ ಸೊನ್ನೆ ಇದ್ದರೆ ನೆಮ್ಮದಿ.

ಈಗ ಎಬ್ಬಿಸುವ ಕೆಲಸ. ಅವಸರ ಬೇಡ, ಒಂದು ವಾರ ಇಟ್ಟುಕೊಳ್ಳಿ.

ಬ್ಯಾಟರಿ ಸತ್ತಿರುತ್ತದೆ ಅಂತಲೇ ಅಂದುಕೊಳ್ಳಿ. ಇಲ್ಲೊಂದು ತಮಾಷೆ ಇದೆ. ಬ್ಯಾಟರಿ ಇರುವುದು ಮುಂದಿನ ಡಿಕ್ಕಿಯಲ್ಲಿ. ಆ ಡಿಕ್ಕಿಯ ಲಾಕ್ ತೆರೆಯುವುದು ಕರೆಂಟಿನಿಂದ. ಅಂದರೆ ಬ್ಯಾಟರಿ ಸತ್ತರೆ ಬ್ಯಾಟರಿಯೇ ಕೈಗೆ ಸಿಗುವುದಿಲ್ಲ. ಒಬ್ಬರು ಸ್ಕ್ರೂಡ್ರೈವರ್ ಹಾಕಿ ಮೀಟಿ ಮುಚ್ಚಳವನ್ನೇ ಸೊಟ್ಟ ಮಾಡಿಕೊಂಡಿದ್ದನ್ನು ನೋಡಿದ್ದೇನೆ. ಅದು ಬೇಡ. ಕಾಲಿಡುವ ಜಾಗದ ಪಕ್ಕದಲ್ಲಿ ಫ್ಯೂಸ್ ಪೆಟ್ಟಿಗೆ ಇದೆ. ಅದರಲ್ಲಿ ಹೊರಗೆಳೆಯುವ ಒಂದು ಕೆಂಪು ಟರ್ಮಿನಲ್ ಇದೆ. ಅದಕ್ಕೆ ಬೇರೆ ಬ್ಯಾಟರಿಯ ಪ್ಲಸ್ ಕೊಡಿ, ಮೈನಸನ್ನು ಬಾಗಿಲು ಲಾಕ್ ಆಗುವ ಲೋಹದ ಕೊಂಡಿಗೆ ಕೊಡಿ. ಅಲಾರಂ ಹೊಡೆದುಕೊಳ್ಳಬಹುದು, ಹೆದರಬೇಡಿ. ಡಿಕ್ಕಿ ತೆರೆಯುವಷ್ಟು ಕರೆಂಟ್ ಸಾಕು. ಅಲ್ಲಿಂದ ಸ್ಟಾರ್ಟ್ ಮಾಡಲು ಹೋಗಬೇಡಿ, ಫ್ಯೂಸ್ ಪೆಟ್ಟಿಗೆ ಸುಟ್ಟೀತು.

ಟ್ಯಾಂಕ್ 64 ಲೀಟರಿನದು. ಒಳಗಿರುವ ಪೆಟ್ರೋಲ್ ಮೂರು ವರ್ಷದ್ದು. ಮುಚ್ಚಳ ತೆಗೆದು ಮೂಸಿ ನೋಡಿ, ವಾರ್ನಿಶ್ ವಾಸನೆ ಬರುತ್ತದೆ. ಅದನ್ನು ಪೂರ್ತಿ ತೆಗೆಸಿ. ಹೊಸದರ ಜೊತೆ ಬೆರೆಸಿ ಖಾಲಿ ಮಾಡೋಣ ಅನ್ನೋ ಜಿಪುಣತನ ಬೇಡ. ಹಳೆ ಆಯಿಲನ್ನೂ ಸ್ಟಾರ್ಟ್ ಮಾಡುವ ಮೊದಲೇ ಬದಲಿಸಿ. ಮೇಲೆ ಹೇಳಿದ ನೀರು, ಪೆಟ್ರೋಲ್, ಆಮ್ಲ ಎಲ್ಲ ಅದರಲ್ಲೇ ಇದೆ. ಅದನ್ನು ಮತ್ತೊಮ್ಮೆ ಎಂಜಿನ್ ತುಂಬಾ ಸುತ್ತಿಸುವುದು ಯಾಕೆ?

ಆಯಿಲ್ ಸುಮಾರು 8 ಲೀಟರ್ ಹಿಡಿಯುತ್ತದೆ. ಮಾರುತಿಗೆ ಹಾಕುವ ಲೆಕ್ಕದಲ್ಲಿ ಮೂರು ನಾಲ್ಕು ಲೀಟರ್ ತಂದು ಕೂತರೆ ಕೆಲಸ ನಿಲ್ಲುತ್ತದೆ. ಆಯಿಲಿನ ದರ್ಜೆ 0ಡಬ್ಲ್ಯು-40, ಡಬ್ಬಿಯ ಮೇಲೆ ಪೋರ್ಷೆ ಎ40 ಅನ್ನೋ ಒಪ್ಪಿಗೆಯ ಗುರುತು ಇರಬೇಕು. ನಿಮ್ಮ ಮೆಕ್ಯಾನಿಕ್ ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಹುಡುಕುತ್ತಾನೆ. ಸಿಗುವುದಿಲ್ಲ, ಈ ಮಾದರಿಗೆ ಅದು ಇಲ್ಲ. ಮಟ್ಟವನ್ನು ಡ್ಯಾಶ್‌ಬೋರ್ಡ್ ಪರದೆಯಲ್ಲೇ ನೋಡಬೇಕು. ಗಾಡಿ ಸಮತಟ್ಟಾದ ಜಾಗದಲ್ಲಿರಬೇಕು, ಎಂಜಿನ್ ಬಿಸಿಯಾಗಿರಬೇಕು. ಸ್ವಲ್ಪ ಕಡಿಮೆ ಇದ್ದರೂ ನಡೆಯುತ್ತದೆ, ಜಾಸ್ತಿ ಹಾಕಬೇಡಿ. ಜಾಸ್ತಿಯಾದ ಆಯಿಲ್, ಆವಿಯಿಂದ ಆಯಿಲ್ ಬೇರೆ ಮಾಡುವ ಒಂದು ಡಬ್ಬಿಗೆ ನುಗ್ಗಿ ಅದನ್ನು ಕೆಡಿಸುತ್ತದೆ.

ಮೊದಲ ಸಲ ಫ್ಯುಯೆಲ್ ಪಂಪಿನ ಫ್ಯೂಸ್ ತೆಗೆದು ಹತ್ತು ಹತ್ತು ಸೆಕೆಂಡಿನಂತೆ ಎರಡು ಮೂರು ಸಲ ಸೆಲ್ಫ್ ಹೊಡೆಯಿರಿ, ನಡುವೆ ಬಿಡುವು ಕೊಡಿ. ಒಣಗಿದ ಬೇರಿಂಗ್‌ಗಳಿಗೆ ಆಯಿಲ್ ತಲುಪಲಿ. ಆಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ. ಹಿಂದಿನಿಂದ ನೀಲಿ ಹೊಗೆ ಬುಸ್ಸೆಂದು ಬರುತ್ತದೆ. ಗಾಬರಿ ಬೇಡ. ಈ ಎಂಜಿನಿನ ಸಿಲಿಂಡರ್‌ಗಳು ನೆಲಕ್ಕೆ ಅಡ್ಡಲಾಗಿ ಮಲಗಿವೆ. ಬಹಳ ದಿನ ನಿಂತರೆ ಸ್ವಲ್ಪ ಆಯಿಲ್ ಒಳಗೆ ಜಿನುಗಿರುತ್ತದೆ. ಒಂದೆರಡು ನಿಮಿಷದಲ್ಲಿ ಹೊಗೆ ನಿಂತರೆ ಎಲ್ಲ ಸರಿ. ನಿಲ್ಲದೆ ಬೀದಿ ತುಂಬಾ ಹೊಗೆ ಹಬ್ಬಿದರೆ, ಈಗ ಹೇಳಿದ ಆ ಡಬ್ಬಿಯೇ ಹರಿದಿರುತ್ತದೆ. ಅದು ಬದಲಿಸಬಹುದಾದ ಸಾಮಾನು.

ಇನ್ನು ನೀವು ಕೇಳದಿದ್ದರೂ ಯಾರಾದರೂ ಹೆದರಿಸಿಯೇ ತೀರುವ ಒಂದು ವಿಷಯ ಇದೆ, ಐಎಂಎಸ್ ಬೇರಿಂಗ್. ಎಂಜಿನ್ ಒಳಗೆ ಇಂಟರ್ಮೀಡಿಯೇಟ್ ಶಾಫ್ಟ್ ಅಂತ ಒಂದು ದಂಡ ಇದೆ. ಅದರ ತುದಿಯ ಬೇರಿಂಗ್ ಒಡೆದರೆ ಎಂಜಿನ್ನೇ ಹೋಗುತ್ತದೆ. 1990ರ ದಶಕದ ಕೊನೆಯಿಂದ 2005ರವರೆಗಿನ ಬಾಕ್ಸ್‌ಸ್ಟರ್, 911 ಕಾರುಗಳಿಗೆ ಈ ಕೆಟ್ಟ ಹೆಸರು ಅಂಟಿದೆ. 2006ರಿಂದ 2008ರವರೆಗಿನ ಎಂಜಿನ್‌ಗಳಲ್ಲಿ ದೊಡ್ಡ ಬೇರಿಂಗ್ ಹಾಕಿದರು. ಅದು ಕೆಡುವುದು ಭಾಳ ಅಪರೂಪ. 2009ರ ಮಾದರಿಯ ಹೊಸ ಎಂಜಿನ್‌ನಲ್ಲಿ ಆ ದಂಡವನ್ನೇ ತೆಗೆದುಹಾಕಿದರು. ನಿಮ್ಮದು 2007ರದು, ಕಂಪನಿ ಹಾಕಿದ ಎಂಜಿನ್ನೇ ಇದ್ದರೆ ದೊಡ್ಡ ಬೇರಿಂಗಿನದು. ಅದನ್ನು ಬದಲಿಸಲು ಎಂಜಿನನ್ನು ಎರಡು ಹೋಳು ಮಾಡಬೇಕು. ಆದ್ದರಿಂದ "ಮುಂಜಾಗ್ರತೆಗೆ ಬದಲಿಸಿಬಿಡೋಣ ಸರ್" ಅಂತ ಯಾರಾದರೂ ಅಂದರೆ ಚಹಾ ಕುಡಿಸಿ ಕಳಿಸಿಬಿಡಿ.

ನಿಮ್ಮ ಮಾದರಿಯಲ್ಲಿ ನಾನು ಹೆಚ್ಚು ಹೆದರುವುದು ಸಿಲಿಂಡರ್ ಗೋಡೆಗೆ ಗೀರು ಬೀಳುವುದಕ್ಕೆ. ಇದರ ಸಿಲಿಂಡರ್‌ಗೆ ಕಬ್ಬಿಣದ ಒಳಕವಚ ಇಲ್ಲ. ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಗೋಡೆಯ ಮೇಲೇ ಪಿಸ್ಟನ್ ಓಡುತ್ತದೆ. ತಣ್ಣಗಿನ ಎಂಜಿನ್, ತೊಳೆದುಹೋದ ಆಯಿಲ್, ಸಣ್ಣ ಸಣ್ಣ ಓಟ ಇವು ಅದರ ವೈರಿಗಳು. ಆ 130 ಸ್ಟಾರ್ಟ್ ನೆನೆದು ನನಗೆ ಸಂಕಟವಾಗುವುದು ಇದಕ್ಕೇ. ಎಂಜಿನ್ ಬಿಸಿಯಾದ ಮೇಲೂ ಟಕ್ ಟಕ್ ಸದ್ದು, ಆಯಿಲ್ ಬೇಗ ಬೇಗ ಇಳಿಯುವುದು, ಒಂದು ಬದಿಯ ಸೈಲೆನ್ಸರ್ ಪೈಪಿನಲ್ಲಿ ಮಾತ್ರ ಮಸಿ ಜಾಸ್ತಿ, ಇವು ಲಕ್ಷಣ. ಸ್ಪಾರ್ಕ್ ಪ್ಲಗ್ ಹೇಗೂ ಬದಲಿಸಬೇಕು, ಅದರ ಕಾಲ ನಾಲ್ಕು ವರ್ಷ. ಬಿಚ್ಚಿದಾಗ ಆ ತೂತಿನಲ್ಲಿ ಸಣ್ಣ ಕ್ಯಾಮರಾ ಇಳಿಸಿ ಆರೂ ಸಿಲಿಂಡರ್ ಗೋಡೆ ನೋಡಿಸಿ. ಬೋರೋಸ್ಕೋಪ್ ಅಂತಾರೆ, ಈಗ ಮೊಬೈಲಿಗೆ ಹಚ್ಚುವಂಥದ್ದೂ ಸಿಗುತ್ತದೆ. ಪ್ಲಗ್ ಮೇಲೆ ಕೂರುವ ಕಾಯಿಲ್‌ಗಳನ್ನೂ ನೋಡಿ. ಸೈಲೆನ್ಸರ್ ಬಿಸಿಗೆ ಅವುಗಳ ಪ್ಲಾಸ್ಟಿಕ್ ಬಿರಿಯುತ್ತದೆ.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಓಡಲಿ ಬಿಡಲಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಗೇರಿನ ಕಾರಾದರೆ ಕ್ಲಚ್ಚಿಗೂ ಅದೇ ಆಯಿಲ್, ಎರಡೂ ಒಟ್ಟಿಗೆ ಆಗಲಿ. ಬೆಲ್ಟ್, ರಬ್ಬರ್ ಪೈಪ್ ಹೇಗೇ ಕಾಣಲಿ, ಬದಲಿಸಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಲ್ಲಿ ಹನಿ ಆಯಿಲ್ ಕಂಡರೆ ಸೀಲ್ ಒಣಗಿದೆ ಅಂತ. ಹನಿ ಆದರೆ ನೋಡುತ್ತಾ ಇರಿ, ಧಾರೆಯಾದರೆ ಬಿಚ್ಚಿಸಿ. ಎಷ್ಟೋ ಸಲ ನಾಲ್ಕು ತಿಂಗಳು ಓಡಿಸಿದ ಮೇಲೆ ಸೀಲ್ ತಾನೇ ಮೆತ್ತಗಾಗಿ ಹನಿ ನಿಂತಿದ್ದನ್ನು ನೋಡಿದ್ದೇನೆ.

ಬಿಸಿಲು. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 42, 43 ಡಿಗ್ರಿ ಅಂದರೆ ಯಾರೂ ತಲೆ ಎತ್ತಿ ನೋಡುವುದಿಲ್ಲ. ಕಾರು ತಾಳುತ್ತದಾ? ತಾಳುತ್ತದೆ. ದುಬೈನಲ್ಲಿ ಇದಕ್ಕಿಂತ ಜಾಸ್ತಿ ಬಿಸಿಲಲ್ಲಿ ಇವೇ ಕಾರುಗಳು ಓಡುತ್ತವೆ. ಆದರೆ ತಂಪು ಮಾಡುವ ಸಾಮಾನು ಚೊಕ್ಕಟವಾಗಿರಬೇಕು. ಎಂಜಿನ್ ಹಿಂದೆ ಇದ್ದರೂ ರೇಡಿಯೇಟರ್‌ಗಳು ಮುಂದೆ, ಬಂಪರಿನ ಎಡಬಲ ತೂತುಗಳ ಒಳಗಿವೆ. ಅವುಗಳ ಎದುರಿಗೆ ಎಸಿಯ ಕಂಡೆನ್ಸರ್. ಆ ತೂತುಗಳು ರಸ್ತೆಯ ಕಸವನ್ನೆಲ್ಲ ನುಂಗುತ್ತವೆ. ಒಣ ಎಲೆ, ಪ್ಲಾಸ್ಟಿಕ್, ನಿಮ್ಮಲ್ಲಿ ತೊಗರಿ ಹೊಟ್ಟು. ಮಳೆ ಬಂದರೆ ಅದು ಒದ್ದೆ ಗೊಬ್ಬರವಾಗಿ ಅಲ್ಲೇ ಕೂತು ಅಲ್ಯೂಮಿನಿಯಂ ಕೊರೆಯುತ್ತದೆ. ವರ್ಷಕ್ಕೊಮ್ಮೆ ಬಂಪರ್ ಬಿಚ್ಚಿಸಿ ತೊಳೆಸಿ, ಬೇಸಿಗೆಗೆ ಮುಂಚೆ.

ಎರಡು ರೇಡಿಯೇಟರ್‌ಗೂ ಫ್ಯಾನ್ ಇವೆ, ಅವಕ್ಕೆ ಎರಡು ವೇಗ. ಕಡಿಮೆ ವೇಗದ ರೆಸಿಸ್ಟರ್ ಸುಟ್ಟುಹೋಗುವುದು ಈ ಕಾರಿನ ಹಳೇ ಕಾಯಿಲೆ. ಸುಟ್ಟಿದ್ದು ಮಾಲೀಕರಿಗೆ ಗೊತ್ತೇ ಆಗುವುದಿಲ್ಲ. ಯಾಕೆಂದರೆ ಬಿಸಿ ತೀರಾ ಏರಿದಾಗ ಜೋರು ವೇಗ ಕೆಲಸ ಮಾಡುತ್ತದೆ. ಎಂಜಿನ್ ಓಡುತ್ತಿರುವಾಗ ಎಸಿ ಹಾಕಿ, ಮುಂದೆ ಬಗ್ಗಿ ಎರಡೂ ಕಡೆ ಕಿವಿ ಕೊಡಿ. ಎರಡೂ ತಿರುಗಬೇಕು. ಖರ್ಚಿಲ್ಲದ ಪರೀಕ್ಷೆ, ಇಂಥದ್ದು ನನಗೆ ಭಾಳ ಇಷ್ಟ.

ಕೂಲೆಂಟಿಗೆ ನಮ್ಮ ಬೋರ್ ನೀರು ಬೆರೆಸಲು ಯಾರಿಗೂ ಬಿಡಬೇಡಿ. ಸುಣ್ಣದ ಕಲ್ಲಿನ ಸೀಮೆ ಇದು. ಸೇಡಂ, ವಾಡಿ ಕಡೆ ಸಿಮೆಂಟ್ ಕಾರ್ಖಾನೆ ಬಂದಿದ್ದೇ ಆ ಕಲ್ಲಿಗಾಗಿ. ನಮ್ಮ ಮನೆಯ ಗೀಸರ್ ಒಳಗೆ ಕಟ್ಟುವ ಬಿಳಿ ಪದರ ನೋಡಿದ್ದೀರಲ್ಲ, ರೇಡಿಯೇಟರ್ ಒಳಗೂ ಅದೇ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು, ಅಂದರೆ ಬ್ಯಾಟರಿಗೆ ಹಾಕುವ ನೀರೇ ಆಗಬೇಕು. ಕಾರು ತೊಳೆಯುವಾಗಲೂ ಬಿಸಿಲಲ್ಲಿ ಒಣಗಲು ಬಿಡಬೇಡಿ. ಕಲೆ ಕೂತರೆ ಹೋಗುವುದಿಲ್ಲ. ಸಿಮೆಂಟ್ ಫ್ಯಾಕ್ಟರಿ ಕಡೆ ಹೋಗಿ ಬಂದ ದಿನ ಒಣ ಬಟ್ಟೆಯಿಂದ ಒರೆಸಲೇಬೇಡಿ. ಮೊದಲು ಧಾರಾಳ ನೀರು ಹರಿಸಿ. ಆ ಧೂಳು ಇಬ್ಬನಿಯಲ್ಲಿ ನೆನೆದು ರಾತ್ರಿ ಕಳೆದರೆ ಬೆಳಗ್ಗೆ ಪೇಂಟ್ ಮೇಲೆ ಗಾರೆ.

ಪೆಟ್ರೋಲ್ ಕತೆ ಸ್ವಲ್ಪ ಕಷ್ಟದ್ದು. ಈ ಎಂಜಿನ್ ತನ್ನ ಪೂರ್ತಿ ಶಕ್ತಿಗೆ ಕೇಳುವುದು 98 ಆಕ್ಟೇನ್. ಈಗ ನಮ್ಮ ಬಂಕ್‌ಗಳಲ್ಲಿ ಬರುವುದು ಇ20, ಅಂದರೆ 20 ಪಾಲು ಎಥನಾಲ್ ಬೆರೆತದ್ದು. ನಿಮ್ಮ ಕಾರಿನ ಕಾಲದಲ್ಲಿ ಲೆಕ್ಕ ಇಟ್ಟಿದ್ದು 10 ಪಾಲಿಗೆ. ಎಥನಾಲ್ ನೀರು ಹೀರುತ್ತದೆ, ಹಳೆ ರಬ್ಬರನ್ನು ಕೆಡಿಸುತ್ತದೆ. ದಿನಾ ಓಡುವ ಗಾಡಿಯಲ್ಲಿ ಟ್ಯಾಂಕ್ ವಾರಕ್ಕೊಮ್ಮೆ ಬದಲಾಗುತ್ತದೆ, ಅಷ್ಟು ತೊಂದರೆ ಕಾಣುವುದಿಲ್ಲ. ನಿಂತ ಗಾಡಿಯಲ್ಲಿ ಕಾಣುತ್ತದೆ. ದೊಡ್ಡ ನಗರಗಳ ಕೆಲವು ಬಂಕ್‌ಗಳಲ್ಲಿ 100 ಆಕ್ಟೇನ್ ಪೆಟ್ರೋಲ್ ಸಿಗುತ್ತದೆ. ಹೈದರಾಬಾದಿಗೆ ಹೋದಾಗ ಅದನ್ನು ತುಂಬಿಸಿಕೊಂಡು ಬನ್ನಿ. ಇಲ್ಲಿ ತುಂಬಿಸುವುದಾದರೆ ಸಿಗುವುದರಲ್ಲಿ ಒಳ್ಳೆಯದು, ಅದೂ ಒಂದು ತಿಂಗಳಲ್ಲಿ ಓಡಿಸಿ ಮುಗಿಸುವಷ್ಟೇ. ಡಬ್ಬದಲ್ಲಿ ತಂದು ಮನೆಯಲ್ಲಿ ಕೂಡಿಡುವ ಯೋಚನೆ ಬೇಡ, ಅಪಾಯ.

ಟೈರ್ ಹೊಸದರಂತೆ ಇವೆ ಅಂದಿರಿ. ಪಕ್ಕದ ಗೋಡೆಯ ಮೇಲೆ ಡಿಒಟಿ ಅಂತ ಇರುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2316 ಅಂತ ಇದ್ದರೆ 2016ರ 23ನೇ ವಾರದಲ್ಲಿ ತಯಾರಾದದ್ದು. ಆರು ವರ್ಷ ದಾಟಿದ್ದರೆ ಈ ಕಾರಿನ ವೇಗಕ್ಕೆ ನಾನು ನಂಬುವುದಿಲ್ಲ, ಎಷ್ಟೇ ಹಲ್ಲು ಇರಲಿ. ಉಗುರು ಒತ್ತಿ ನೋಡಿ, ಕಲ್ಲಿನಂತೆ ಇರುತ್ತದೆ. ಅಂಥ ಟೈರ್ ಮಳೆಯಲ್ಲಿ ರೋಡ್ ಹಿಡಿಯುವುದಿಲ್ಲ. ಭಾರವೆಲ್ಲ ಹಿಂದಿರುವ ಕಾರು ಹಿಂದಿನಿಂದ ಜಾರಿದರೆ ನಿಮಗಾಗಲಿ ನನಗಾಗಲಿ ಸಂಭಾಳಿಸಲು ಬರುವುದಿಲ್ಲ. ಪೋರ್ಷೆ ಒಪ್ಪಿದ ಟೈರ್ ಮೇಲೆ ಎನ್ ಗುರುತು ಇರುತ್ತದೆ. ನಾಲ್ಕು ಟೈರಿಗೆ ಲಕ್ಷ ದಾಟಬಹುದು. ಮೊದಲ ಖರ್ಚು ಅದೇ ಇರಲಿ.

ಟೈರ್ ಅಂಗಡಿಗೆ ಕಳಿಸುವಾಗ ನೀವೇ ಹೋಗಿ ನಿಲ್ಲಿ. ಈ ಕಾರಿಗೆ ಜಾಕ್ ಹಾಕುವ ಜಾಗ ನಾಲ್ಕೇ. ಎಂಜಿನ್ ಕೆಳಗೆ ಜಾಕ್ ಕೊಟ್ಟರೆ ಮುಗಿಯಿತು. ಚಕ್ರದ ಬೋಲ್ಟ್‌ಗಳಲ್ಲಿ ಒಂದಕ್ಕೆ ಬೇರೆ ಕೀಲಿ ಸಾಕೆಟ್ ಇರುತ್ತದೆ. ಮಾವನ ಹತ್ತಿರ ಈಗಲೇ ಕೇಳಿ ಇಸಿದುಕೊಳ್ಳಿ. ಬಿಗಿ 130 ನ್ಯೂಟನ್ ಮೀಟರ್, ಟಾರ್ಕ್ ಪಾನಾದಿಂದ. ಗನ್ ಹಿಡಿದು ಗರ್ರ್ ಅನ್ನಿಸಲು ಬಿಡಬೇಡಿ. ಸ್ಟೆಪ್ನಿ ಇಲ್ಲ. ಅದರ ಬದಲು ಪಂಪು, ಪಂಕ್ಚರ್ ಮುಚ್ಚುವ ದ್ರವದ ಬಾಟಲಿ ಇದೆ. ಆ ಬಾಟಲಿಯ ದಿನಾಂಕ ಯಾವತ್ತೋ ಮುಗಿದಿರುತ್ತದೆ. ಮನೆಯಲ್ಲಿ ನೀವೇ ಜಾಕ್ ಏರಿಸುವುದಾದರೆ ಶಹಾಬಾದ್ ಕಲ್ಲಿನ ನೆಲದ ಮೇಲೆ ನೇರವಾಗಿ ಇಡಬೇಡಿ. ಕಲ್ಲಿನ ಕೆಳಗೆ ಪೊಳ್ಳಿದ್ದರೆ ಟಪ್ ಅಂತ ಒಡೆಯುತ್ತದೆ. ನನ್ನ ಮನೆ ಅಂಗಳದಲ್ಲೇ ಒಡೆದಿದೆ. ಪುಣ್ಯಕ್ಕೆ ಕೆಳಗೆ ನಾನಿರಲಿಲ್ಲ. ದಪ್ಪ ಹಲಗೆ ಹಾಕಿ.

ಎಲ್ಲಿ ಇಡಬೇಕು? ಮನೆಯ ಪೋರ್ಟಿಕೊ ಸಾಕು, ಮೂರು ಕಡೆ ಗೋಡೆ ಇದ್ದರೆ ಇನ್ನೂ ಒಳ್ಳೆಯದು. ಬೇವಿನ ಮರದ ನೆರಳು ತಂಪು ಖರೆ, ಆದರೆ ಹಣ್ಣು, ಹಕ್ಕಿ ಎರಡೂ ಪೇಂಟಿಗೆ ಶತ್ರು. ಹತ್ತಿಯ ಕವರ್ ಹಾಕಿ, ಪ್ಲಾಸ್ಟಿಕ್ ಬೇಡ. ಧೂಳಿನ ಮೇಲೆ ಕವರ್ ಎಳೆದರೆ ಅದು ಮರಳು ಕಾಗದ. ಬಯಲಲ್ಲಿ ಗಾಳಿಗೆ ಅಲ್ಲಾಡುವ ಕವರಿಗಿಂತ ಕವರ್ ಇಲ್ಲದಿರುವುದೇ ಮೇಲು. ಬ್ಯಾಟರಿಗೆ ಸ್ಮಾರ್ಟ್ ಚಾರ್ಜರ್ ಹಚ್ಚಿ ಬಿಡಿ, ತುಂಬಿದ ಮೇಲೆ ತಾನೇ ನಿಲ್ಲಿಸಿ ಕಾಯುವಂಥದ್ದು. ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜ್ ಮಾಡುವ ಹಳೆ ಡಬ್ಬ ಬೇಡ. ವಾರಗಟ್ಟಲೆ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಕಟ್ಟಿಗೆ ಕೊಡಿ.

ಓಡಿಸುವ ಕ್ರಮ ಹೇಳುತ್ತೇನೆ. ಹದಿನೈದು ದಿನಕ್ಕೊಮ್ಮೆ, ಭಾನುವಾರ ನಸುಕಿನಲ್ಲಿ ಹುಮನಾಬಾದ್ ಕಡೆಗೆ ಹೋಗಿ, ಅಲ್ಲಿ ಚಹಾ ಕುಡಿದು ಬನ್ನಿ. ಒಂದು ಕಡೆಗೆ 60 ಕಿಲೋಮೀಟರ್ ಹತ್ತಿರ. ಡ್ಯಾಶ್‌ಬೋರ್ಡಿನ ಐದು ಗಡಿಯಾರಗಳಲ್ಲಿ ಒಂದು ಆಯಿಲ್ ಬಿಸಿ ತೋರಿಸುತ್ತದೆ. ನೀರಿನ ಮುಳ್ಳು ಬೇಗ ಏರುತ್ತದೆ, ಆಯಿಲ್ ಮುಳ್ಳು ನಿಧಾನ. ಆಯಿಲ್ ಮುಳ್ಳು ಏರುವವರೆಗೆ 3,000 ಆರ್‌ಪಿಎಂ ದಾಟಬೇಡಿ. ಹಾಗಂತ ಭಾಳ ಮೆತ್ತಗೂ ಓಡಿಸಬೇಡಿ. ಬಿಸಿಯಾದ ಮೇಲೆ ರಸ್ತೆ ಖಾಲಿ ಇದ್ದಲ್ಲಿ ಕಡಿಮೆ ಗೇರಿನಲ್ಲಿ 5,000, 6,000 ಮುಟ್ಟಿಸಿ. ಆ ಎಂಜಿನ್ ಹುಟ್ಟಿದ್ದೇ ಅದಕ್ಕೆ. ಎಸಿ ಹಾಕಿಯೇ ಹೋಗಿ, ಚಳಿಗಾಲದಲ್ಲೂ. ಕಂಪ್ರೆಸರಿನ ಸೀಲ್‌ಗೆ ಆಯಿಲ್ ಸಿಗುವುದು ಅದು ಓಡಿದಾಗಲೇ. ಶರಣಬಸವೇಶ್ವರ ಜಾತ್ರೆ ಆದ ಮೇಲೆ ಮಳೆ ಬೀಳುವವರೆಗೆ, ಅಂದರೆ ಬೇಸಿಗೆ ಪೂರ್ತಿ, ಬೆಳಗ್ಗೆ ಎಂಟರೊಳಗೆ ಮನೆ ಸೇರಿಬಿಡಿ. ಕಾರಿಗಿಂತ ನಿಮಗೆ ಒಳ್ಳೆಯದು. ಒಂದು ತಿಂಗಳು ಓಡಿಸಲು ಆಗದಿದ್ದರೆ ಸ್ಟಾರ್ಟೂ ಮಾಡಬೇಡಿ. ಚಾರ್ಜರ್ ಹಚ್ಚಿ ಹಾಗೇ ಮಲಗಲು ಬಿಡಿ. ಆಯಿಲ್ ವರ್ಷಕ್ಕೊಮ್ಮೆ, ಎರಡು ಸಾವಿರ ಓಡಿದ್ದರೂ ಅಷ್ಟೇ.

ರೋಡಿಗೆ ಇಳಿಸುವ ಮೊದಲು ಕಾಗದ ನೋಡಿ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಅಂದರೆ ನಿಮ್ಮದು 2022ರಲ್ಲೇ ಮುಗಿದಿರಬೇಕು. ಮಾವ ನವೀಕರಿಸಿದ್ದಾರಾ ಕೇಳಿ. ಇಲ್ಲದಿದ್ದರೆ ಇನ್ಶೂರೆನ್ಸ್ ಇದ್ದರೂ ಕ್ಲೈಮಿಗೆ ತಕರಾರು ಬರುತ್ತದೆ. ಆಮದು ಕಾರಿನ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 40,000 ರೂಪಾಯಿ ಮಾಡಿದ್ದಾರೆ. 20 ವರ್ಷ ದಾಟಿದ ಆಮದು ಕಾರಿಗೆ 2025ರಲ್ಲಿ ಅದನ್ನು 80,000ಕ್ಕೆ ಏರಿಸಿದ್ದಾರೆ. ಒಂದು ಸಲ ನವೀಕರಿಸಿದರೆ ಐದು ವರ್ಷ. ಹಾಗಾಗಿ ತಡ ಮಾಡಬೇಡಿ. ತೆಲಂಗಾಣ ಆರ್‌ಟಿಒದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ ತಂದು ನಮ್ಮ ಕಲಬುರಗಿಯ ಕೆಎ-32 ನಂಬರ್ ಮಾಡಿಸಿಕೊಳ್ಳಿ. ಹನ್ನೆರಡು ತಿಂಗಳಿಗಿಂತ ಜಾಸ್ತಿ ಇಲ್ಲೇ ಇಡುವುದಾದರೆ ಅದು ಕಡ್ಡಾಯ. ಇಲ್ಲಿನ ತೆರಿಗೆ ಎಷ್ಟಾಗುತ್ತದೆ ಅಂತ ಆರ್‌ಟಿಒದಲ್ಲಿ ಮೊದಲೇ ಬರೆಸಿಕೊಳ್ಳಿ.

ಆಯಿಲ್ ಬದಲಿಸುವುದು, ಬ್ರೇಕ್, ಬೆಲ್ಟ್ ಇಷ್ಟನ್ನು ನಮ್ಮೂರಿನ ಒಳ್ಳೆಯ ಮೆಕ್ಯಾನಿಕ್ ಮಾಡುತ್ತಾನೆ. ನೀವು ಸಾಮಾನು ತರಿಸಿಕೊಟ್ಟು ಪಕ್ಕದಲ್ಲಿ ಕೂತರೆ ಸಾಕು. ಸ್ಕ್ಯಾನಿಂಗ್, ಕ್ಯಾಮರಾ ಇಳಿಸುವುದು, ಎಂಜಿನ್ ಇಳಿಸುವ ಕೆಲಸಕ್ಕೆ ಮಾತ್ರ ದೊಡ್ಡ ಊರಿನ ಅನುಭವಿ ಗ್ಯಾರೇಜ್ ಬೇಕು, ಗಾಡಿಯನ್ನು ಟ್ರಕ್ ಮೇಲೇ ಕಳಿಸಿ.

ಮಾರುವ ಮಾತು ಈಗಲೇ ಬೇಡ. ಮೊದಲ ಸಲ ಆಯಿಲ್ ಇಳಿಸುತ್ತೀರಲ್ಲ, ಆಗ ಹಳೆ ಫಿಲ್ಟರನ್ನು ಎಸೆಯಬೇಡಿ. ಒಳಗಿನ ಕಾಗದದ ಮಡಿಕೆಯನ್ನು ಬ್ಲೇಡಿನಿಂದ ಕತ್ತರಿಸಿ, ಬಿಳಿ ಬಟ್ಟೆಯ ಮೇಲೆ ಬಿಡಿಸಿ, ಬಿಸಿಲಿಗೆ ಹಿಡಿದು ನೋಡಿ. ಮಿನುಗು ಕಂಡರೆ ಅಯಸ್ಕಾಂತ ಹಿಡಿಯಿರಿ. ಅಂಟಿದರೆ ಉಕ್ಕು, ಬೇರಿಂಗ್ ಮೇಲೆ ಅನುಮಾನ. ಅಂಟದಿದ್ದರೆ ಅಲ್ಯೂಮಿನಿಯಂ, ಸಿಲಿಂಡರ್ ಗೋಡೆ ಮೇಲೆ ಅನುಮಾನ. ಏನೂ ಇಲ್ಲದಿದ್ದರೆ ಟೈರಿಗೆ ಆರ್ಡರ್ ಕೊಡಿ. ಏನಾದರೂ ಕಂಡರೆ ಅದರ ಫೋಟೋ ತೆಗೆದು ನನಗೆ ಕಳಿಸಿ, ಅಲ್ಲಿಯವರೆಗೆ ಸೆಲ್ಫ್ ಮುಟ್ಟಬೇಡಿ.